ಬೇಸ್ ಗಿಟಾರಿನ ಬೆನ್ನು ಹತ್ತಿ ಹೋದರೆ

ಪ್ರಶ್ನೆ: ನನಗೆ 46 ವರ್ಷ, ಊರು ಹಾಸನ. ಚಿಕ್ಕಂದಿನಲ್ಲಿ 'ಗೀತಾ' ಸಿನಿಮಾದ ಕ್ಯಾಸೆಟ್ಟನ್ನು ಟೇಪು ಸವೆಯುವ ತನಕ ಕೇಳಿದ್ದೇನೆ. ಎಲ್ಲರೂ ಹಾಡು ಕೇಳುತ್ತಿದ್ದರೆ ನಾನು ಅದರ ಕೆಳಗೆ ಮಂದ್ರ ಸ್ವರದಲ್ಲಿ ಓಡುವ ಬೇಸ್ ಗಿಟಾರ್ ಕೇಳುತ್ತಿದ್ದೆ. ಹೋದ ವರ್ಷ ಮೊಬೈಲಿನ ಆ್ಯಪ್ ತಾನಾಗಿಯೇ ಕ್ರುಂಗ್‌ಬಿನ್ ಅನ್ನೋ ಬ್ಯಾಂಡಿನ ಹಾಡು ಹಾಕಿತು. ಅದೇ ಹಳೆಯ ಖುಷಿ ಸಿಕ್ಕಿತು. ಅಲ್ಲಿಂದ ಶುರು, ದಿನಾ ಅದೇ ಥರದ್ದು ಹಾಕುತ್ತಿದೆ. ಎಲ್ಲವೂ ಕಾಫಿ ಶಾಪಿನಲ್ಲಿ ಕೇಳಿಸುವ ಹಾಗಿವೆ, ಒಂದೂ ನೆನಪಲ್ಲಿ ಉಳಿಯುವುದಿಲ್ಲ. ಹೊಸ ಜಾಝ್‌ನಲ್ಲಿ, ಹಳೇ ಕಾಲದ ಗ್ರೂವ್ ಇರುವ ಹೊಸ ಆಲ್ಬಮ್‌ಗಳಲ್ಲಿ ಕೂತು ಪೂರ್ತಿ ಕೇಳುವಂಥವು ಯಾವುವು? ಜಾಝ್ ಕೇಳಲು ಏನಾದರೂ ಕಲಿತಿರಬೇಕಾ? ಎಲ್‌ಪಿ ಪ್ಲೇಯರ್ ಬೇಕೇ ಬೇಕಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗೆ ಸ್ವಂತ ಖುಷಿಯಾಯಿತು. ತೊಂಬತ್ತರ ದಶಕದಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನಾನು ಬೇಸ್ ನುಡಿಸುತ್ತಿದ್ದೆ. ಪೆಂಡಾಲಿನ ಮುಂದೆ ನಿಂತವರಲ್ಲಿ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಆದರೆ ನಾನು ಒಂದು ಪೆಟ್ಟು ತಪ್ಪಿದರೆ ಕುಣಿಯುತ್ತಿದ್ದ ಹುಡುಗರ ಕಾಲು ಅಲ್ಲೇ ತಡವರಿಸುತ್ತಿತ್ತು. ಯಾಕೆ ಅಂತ ಅವರಿಗೂ ಗೊತ್ತಾಗುತ್ತಿರಲಿಲ್ಲ. ನೀವು ಚಿಕ್ಕಂದಿನಲ್ಲೇ ಆ ಜಾಗಕ್ಕೆ ಕಿವಿ ಕೊಟ್ಟಿದ್ದೀರಿ. ಅರ್ಧ ಜಾಝ್ ಅಲ್ಲೇ ಬಂತು.

'ಗೀತಾ' (1981) ಚಿತ್ರಕ್ಕೆ ಸಂಗೀತ ಕೊಟ್ಟ ಇಳಯರಾಜ ಸ್ವತಃ ಗಿಟಾರ್ ನುಡಿಸುತ್ತಿದ್ದವರು. ಅವರ ಹಾಡುಗಳಲ್ಲಿ ಬೇಸ್ ಬರೀ ತಾಳ ಹಿಡಿಯುವುದಿಲ್ಲ, ತನ್ನದೇ ಒಂದು ರಾಗ ಹಾಡಿಕೊಂಡು ಹೋಗುತ್ತದೆ. ಈಗ ನೀವು ಹುಡುಕುತ್ತಿರುವುದೂ ಅದನ್ನೇ. ಗ್ರೂವ್ ಅನ್ನುವ ಪದಕ್ಕೆ ಕನ್ನಡದಲ್ಲಿ ಏನು ಹೇಳೋದು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಮೃದಂಗದವರು ಸರ್ವಲಘು ಅನ್ನುತ್ತಾರಲ್ಲ, ಅದೇ ಅತಿ ಹತ್ತಿರ. ಲೆಕ್ಕಾಚಾರ ಇಲ್ಲ, ಮುಕ್ತಾಯದ ಪಟಾಕಿ ಇಲ್ಲ. ಸುಮ್ನೆ ನಡೆ ಹಿಡಿದು ಸಾಗುವುದು. ಕೇಳುವವರ ತಲೆ ತಾನಾಗಿಯೇ ಅಲ್ಲಾಡಬೇಕು. ಕಚೇರಿಯಲ್ಲಿ ಚಪ್ಪಾಳೆ ಬೀಳುವುದು ತನಿ ಆವರ್ತನಕ್ಕೆ. ಆದರೆ ಕಚೇರಿ ನಿಲ್ಲುವುದು ಸರ್ವಲಘುವಿನ ಮೇಲೆ ಅಂತ ಹಳೆಯ ಕೇಳುಗರಿಗೆಲ್ಲ ಗೊತ್ತು.

ಆ್ಯಪ್ ಯಾಕೆ ಎಡವುತ್ತದೆ ಅಂದರೆ, ಅದು ಮೇಲಿನ ಬಣ್ಣ ನೋಡಿ ಜೋಡಿಸುತ್ತದೆ. ಮೆಲ್ಲಗಿನ ಡ್ರಮ್ಸ್, ಒದ್ದೆ ಒದ್ದೆ ಗಿಟಾರ್, ಹಾಡುಗಾರರಿಲ್ಲ, ಹಾಗಾದರೆ ಇದೂ ಅದೇ ಥರದ್ದು ಅಂತ ಲೆಕ್ಕ. ಆ ಬಣ್ಣವನ್ನು ಇವತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರು ಬೇಕಾದರೂ ಬಳಿಯಬಹುದು. ನಾನು ಆಲ್ಬಮ್ ಆರಿಸುವಾಗ ನೋಡುವುದು ಒಂದೇ: ನುಡಿಸುವವರು ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಿದ್ದಾರಾ? ಡ್ರಮ್ಸ್‌ನವನು ಸ್ವಲ್ಪ ಹಿಂದೆ ಎಳೆದಾಗ ಬೇಸ್‌ನವಳೂ ಎಳೆದಳಾ? ಕೆಳಗೆ ನಾನು ಹೇಳುವ ಬಹುಪಾಲು ಆಲ್ಬಮ್‌ಗಳು ಈ ಜರಡಿಯಲ್ಲಿ ಉಳಿದವು.

ಕ್ರುಂಗ್‌ಬಿನ್ ಇಂದಲೇ ಶುರು ಮಾಡೋಣ. ಅದು ಅಮೆರಿಕದ ಟೆಕ್ಸಸ್‌ನ ಹ್ಯೂಸ್ಟನ್ನಿನ ಮೂವರ ಬ್ಯಾಂಡು. ಹೆಸರು ಮಾತ್ರ ಥಾಯ್ ಭಾಷೆಯದು, ಅರ್ಥ ವಿಮಾನ. ಅರವತ್ತು ಎಪ್ಪತ್ತರ ದಶಕದ ಥಾಯ್ಲೆಂಡಿನ ಫಂಕ್ (ಬೇಸ್, ಡ್ರಮ್ಸ್ ಮುಂದೆ ನಿಲ್ಲುವ ಕುಣಿತದ ಸಂಗೀತ) ಹಾಡುಗಳನ್ನು ಕೇಳಿ ಹುಚ್ಚು ಹಿಡಿಸಿಕೊಂಡವರು ಇವರು. ಗಿಟಾರಿನ ಮಾರ್ಕ್ ಸ್ಪಿಯರ್, ಡ್ರಮ್ಸ್‌ನ ಡೊನಾಲ್ಡ್ ಜಾನ್ಸನ್ ಇಬ್ಬರೂ ಮೊದಲು ಹ್ಯೂಸ್ಟನ್ನಿನ ಚರ್ಚೊಂದರ ಬ್ಯಾಂಡಿನಲ್ಲಿದ್ದವರು. ಬೇಸ್ ನುಡಿಸುವ ಲಾರಾ ಲೀ ಬ್ಯಾಂಡ್ ಶುರುವಾಗುವ ಸ್ವಲ್ಪ ಮುಂಚೆಯಷ್ಟೇ ಬೇಸ್ ಕಲಿತವರು. ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ ನನಗೆ. ಜಾಸ್ತಿ ಕಲಿತವರು ಜಾಗ ಬಿಡುವುದಿಲ್ಲ. ಲಾರಾ ಲೀ ಎರಡು ಸ್ವರ ನುಡಿಸಿ ಮೂರನೆಯದನ್ನು ಕೇಳುವವರಿಗೇ ಬಿಡುತ್ತಾರೆ.

ಅವರ 'ಕಾನ್ ತೋಡೋ ಎಲ್ ಮುಂಡೋ' (2018) ನೀವು ಈಗಾಗಲೇ ಕೇಳಿರಬಹುದು. ಇಲ್ಲದಿದ್ದರೆ ಅದು ಮೊದಲು. 'ಅ ಲಾ ಸಾಲಾ' (2024) ಇನ್ನೂ ಮೆಲುದನಿಯದು. ಸ್ಪ್ಯಾನಿಷ್‌ನಲ್ಲಿ 'ಹಾಲ್‌ಗೆ ಬನ್ನಿ' ಅಂತ ಅರ್ಥ, ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಲು ಲಾರಾ ಲೀ ಚಿಕ್ಕಂದಿನಲ್ಲಿ ಹಾಗೆ ಕೂಗುತ್ತಿದ್ದರಂತೆ. ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟ 'ಅಲಿ' (2022). ಮಾಲಿ ದೇಶದ ಗಿಟಾರ್ ವಾದಕ ವ್ಯೂ ಫರ್ಕಾ ಟೂರೆ ಜೊತೆ ಸೇರಿ, ಅವರ ತಂದೆ ಅಲಿ ಫರ್ಕಾ ಟೂರೆ ಅವರ ಹಾಡುಗಳನ್ನು ನುಡಿಸಿದ ಆಲ್ಬಮ್ ಅದು. ಅಪ್ಪನ ಹಾಡನ್ನು ಮಗ ಹಾಡುತ್ತಿದ್ದಾನೆ, ಮೂರು ಜನ ಪರದೇಶದವರು ಅಡ್ಡ ಬರದ ಹಾಗೆ ಹಿಂದೆ ಕೂತಿದ್ದಾರೆ. ಹಾಗೆ ಹಿಂದೆ ಕೂರುವುದು ಕಷ್ಟದ ಕೆಲಸ ಸ್ವಾಮಿ. ಆರ್ಕೆಸ್ಟ್ರಾದಲ್ಲಿ ನನಗೆ ಎಷ್ಟು ವರ್ಷ ಹಿಡಿಯಿತು ಅಂತ ನನಗೇ ಗೊತ್ತು.

ಇನ್ನು ಹಳೇ ಕಾಲದ ಸದ್ದಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಅಸಲಿ ಯಾವುದು ವೇಷ ಯಾವುದು ಅಂತ ನೀವೇ ಹೇಳಬಲ್ಲಿರಿ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬುಷ್‌ವಿಕ್ ಅನ್ನೋ ಬಡಾವಣೆ ಇದೆ. ಅಲ್ಲಿನ ಒಂದು ಹಳೆಯ ಮನೆಯಲ್ಲಿ ಡ್ಯಾಪ್ಟೋನ್ ಅನ್ನುವ ಚಿಕ್ಕ ರೆಕಾರ್ಡ್ ಕಂಪನಿ ಸ್ಟುಡಿಯೋ ಕಟ್ಟಿತು. ಗೇಬ್ರಿಯಲ್ ರಾತ್, ನೀಲ್ ಶುಗರ್‌ಮನ್ ಅನ್ನುವ ಇಬ್ಬರು ಸಂಗೀತಗಾರರು 2001ರಲ್ಲಿ ಶುರು ಮಾಡಿದ ಕಂಪನಿ. ದುಡ್ಡಿರಲಿಲ್ಲ. ಬ್ಯಾಂಡಿನವರೇ ಗೋಡೆ ಒಡೆದರು. ಸದ್ದು ಆಚೆ ಹೋಗದಿರಲಿ ಅಂತ ಹಳೇ ಟೈರು, ಹಳೇ ಬಟ್ಟೆ ತುಂಬಿದರು. ವೈರಿಂಗ್ ಕೆಲಸಕ್ಕೆ ಕೈ ಹಾಕಿದವರಲ್ಲಿ ಅವರ ಮುಖ್ಯ ಗಾಯಕಿಯೂ ಒಬ್ಬರು, ಶರಾನ್ ಜೋನ್ಸ್. ಅಲ್ಲಿ ಕಂಪ್ಯೂಟರ್ ಬದಲು 8 ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ರೆಕಾರ್ಡಿಂಗ್.

8 ಟ್ರ್ಯಾಕ್ ಅಂದರೆ ಏನು ಗೊತ್ತಾ? ಇವತ್ತು ಕಂಪ್ಯೂಟರಿನಲ್ಲಿ ಡ್ರಮ್ಸ್ ಒಂದಕ್ಕೇ 10-12 ಮೈಕ್ ಇಟ್ಟು, ಒಂದೊಂದನ್ನೂ ಬೇರೆ ಬೇರೆ ಗೆರೆಯಲ್ಲಿ ಹಿಡಿದು, ಆಮೇಲೆ ತಿದ್ದಬಹುದು. 8 ಟ್ರ್ಯಾಕಿನಲ್ಲಿ ಡ್ರಮ್ಸ್‌ಗೆ ಸಿಗುವುದು ಒಂದೋ ಎರಡೋ. ಒಂದರಲ್ಲಿ ಬೇಸ್, ಒಂದರಲ್ಲಿ ಇಡೀ ತುತ್ತೂರಿ ತಂಡ. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೋರುತ್ತದೆ. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ ನುಡಿಸಬೇಕು. ಅಂದಮೇಲೆ ಹಾಡು ಕೈಗೆ ಕೂತ ಮೇಲೇ ಟೇಪು ತಿರುಗಬೇಕು, ಎಲ್ಲರೂ ಪಕ್ಕದವರ ಕಡೆ ಕಿವಿ ಇಟ್ಟೇ ನುಡಿಸಬೇಕು. ಆ ಹಳೆಯ ಸದ್ದು ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಟೇಪು, ಹಳೇ ಮೈಕು ಆಮೇಲಿನ ಮಾತು. ಸಣ್ಣ ಸಣ್ಣ ಗುಟ್ಟುಗಳೂ ಇವೆ. ಡ್ರಮ್ಮಿನ ಚರ್ಮದ ಮೇಲೆ ಬಟ್ಟೆ ಹೊದಿಸಿ ಗುಂಯ್ ಅನ್ನುವುದನ್ನು ಕತ್ತರಿಸುತ್ತಾರೆ. ಬೇಸ್‌ಗೆ ಮೇಲ್ಮೈ ನುಣುಪಾದ ತಂತಿ ಹಾಕುತ್ತಾರೆ, ತಂತಿಗಳು ಕೂರುವ ಬ್ರಿಡ್ಜಿನ ಹತ್ತಿರ ಒಂದು ತುಂಡು ಸ್ಪಂಜು ಸಿಕ್ಕಿಸುತ್ತಾರೆ. ಆಗ ಬೇಸ್ 'ಟಣ್' ಅನ್ನುವುದಿಲ್ಲ, 'ದುಮ್' ಅಂತ ಕೂತು ಅಲ್ಲೇ ನಿಲ್ಲುತ್ತದೆ. ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಸ್ಪಂಜಿನ ಬದಲು ಕರ್ಚೀಫು ಸಿಕ್ಕಿಸುತ್ತಿದ್ದೆ, ಅದು ಬೇರೆ ಕಥೆ.

ಶರಾನ್ ಜೋನ್ಸ್ ಮೊದಲ ಆಲ್ಬಮ್ ಬಂದಾಗ, 2002ರಲ್ಲಿ, ಅವರಿಗೆ 45 ದಾಟಿತ್ತು. ಅದಕ್ಕೆ ಮುಂಚೆ ನ್ಯೂಯಾರ್ಕಿನ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಗಾರ್ಡ್ ಆಗಿದ್ದರು. ತುಂಬಾ ಕಪ್ಪು, ತುಂಬಾ ದಪ್ಪ, ತುಂಬಾ ಕುಳ್ಳಿ, ವಯಸ್ಸೂ ಜಾಸ್ತಿ ಅಂತ ಸಂಗೀತ ಕಂಪನಿಯವರು ವಾಪಸ್ ಕಳಿಸಿದ್ದರಂತೆ. '100 ಡೇಸ್, 100 ನೈಟ್ಸ್' (2007) ಹಾಕಿ, ಮೊದಲ ಹಾಡಿನಲ್ಲೇ ಆ ಕಂಪನಿಯವರು ಏನು ಕಳೆದುಕೊಂಡರು ಅಂತ ತಿಳಿಯುತ್ತದೆ. ಅದು ಈಗ ಹೊಸದಲ್ಲ, ಜೋನ್ಸ್ 2016ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೂ ಹೇಳಿದ್ದು ಯಾಕೆಂದರೆ ಆಮೇಲೆ ಬಂದ ಅರ್ಧದಷ್ಟು ಹಳೇ ಶೈಲಿಯ ಆಲ್ಬಮ್‌ಗಳ ತವರುಮನೆ ಅದೇ. ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಅವರ 'ಬ್ಯಾಕ್ ಟು ಬ್ಲ್ಯಾಕ್' (2006) ಕೇಳಿದ್ದೀರಲ್ಲ? ಅದರ ಹಲವು ಹಾಡುಗಳಲ್ಲಿ ನುಡಿಸಿದ್ದು ಜೋನ್ಸ್ ಅವರ ಬ್ಯಾಂಡು, ಡ್ಯಾಪ್-ಕಿಂಗ್ಸ್.

ಆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಹುಡುಗ ಲಿಯಾನ್ ಮೈಕಲ್ಸ್. ಈಗ ಅವರದೇ ಬ್ಯಾಂಡು ಎಲ್ ಮೈಕಲ್ಸ್ ಅಫೇರ್, ಜೊತೆಗೆ ಇನ್ನೊಬ್ಬರ ಪಾಲುದಾರಿಕೆಯಲ್ಲಿ ಬಿಗ್ ಕ್ರೌನ್ ಅನ್ನೋ ರೆಕಾರ್ಡ್ ಕಂಪನಿ. ನಿಮಗೆ ನಾನು ಒತ್ತಿ ಹೇಳುವ ಆಲ್ಬಮ್ ಅವರ 'ಯೆಟಿ ಸೀಸನ್' (2021). ಎಪ್ಪತ್ತರ ದಶಕದ ಟರ್ಕಿಯ ರಾಕ್, ನಮ್ಮ ಹಿಂದಿ ಸಿನಿಮಾ ಸಂಗೀತ, ಬ್ರೂಕ್ಲಿನ್ನಿನ ಫಂಕ್ ಮೂರನ್ನೂ ಒಂದೇ ಬಾಣಲೆಗೆ ಹಾಕಿದ್ದಾರೆ. ಕೆಲವು ಹಾಡುಗಳಲ್ಲಿ ಪಿಯಾ ಮಲಿಕ್ ಹಿಂದಿಯಲ್ಲಿ ಹಾಡುತ್ತಾರೆ. 'ಉನ್ನತಿ' ಅನ್ನುವ ಹಾಡು ಹಾಕಿ ಬೇಸ್ ಕೇಳಿ. ಧ್ವನಿ ತೇಲಿಕೊಂಡು ಎಲ್ಲೋ ಹೋಗುತ್ತಿರುತ್ತದೆ, ಕೆಳಗೆ ಬೇಸು ಡ್ರಮ್ಮು ನೆಲ ಬಿಟ್ಟು ಏಳುವುದೇ ಇಲ್ಲ. ಪರದೇಶದವರು ನಮ್ಮ ಸಿನಿಮಾ ಸಂಗೀತವನ್ನು ಮುಟ್ಟಿದರೆ ಸಾಮಾನ್ಯವಾಗಿ ಒಂದು ಸಿತಾರ್, ಒಂದು ತಬಲಾ ಸುರಿದು ಮುಗಿಸುತ್ತಾರೆ. ಇಲ್ಲಿ ಹಾಗಿಲ್ಲ. ಎಂಬತ್ತರ ಸ್ಟುಡಿಯೋಗಳಲ್ಲಿ ವಾದ್ಯದವರು ನಿಜವಾಗಿ ಏನು ಮಾಡುತ್ತಿದ್ದರೋ ಅದು ಇವರಿಗೆ ತಿಳಿದಿದೆ. ಪಿಯಾ ಮಲಿಕ್ ಆಮೇಲೆ ಇಬ್ಬರು ಗೆಳತಿಯರ ಜೊತೆ ಸೇರಿ ಸೇ ಶೀ ಶೀ ಅನ್ನುವ ಡಿಸ್ಕೊ ಬ್ಯಾಂಡು ನಡೆಸುತ್ತಿದ್ದಾರೆ. ಅವರ 'ಸಿಲ್ವರ್' (2023) ಭಾನುವಾರ ಬೆಳಿಗ್ಗೆ ಮನೆ ಗುಡಿಸುವಾಗ ಹಾಕಿ, ಕೆಲಸ ಬೇಗ ಆಗುತ್ತದೆ.

ಹಾಡುಗಾರರೇ ಬೇಡ ಅನ್ನುವುದಾದರೆ ಮೆಲ್ಬರ್ನಿನ ಸರ್ಪ್ರೈಸ್ ಶೆಫ್. ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡು ಬೆಳೆದ ಹುಡುಗರು. 'ಎಜುಕೇಶನ್ ಅಂಡ್ ರಿಕ್ರಿಯೇಶನ್' (2022) ಅವರದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು. 'ಸೂಪರ್ಬ್' (2025) ಸ್ವಲ್ಪ ಚುರುಕಾಗಿದೆ, ಪಾರ್ಟಿಗೆ ಸರಿ. ಸಿಯಾಟಲ್‌ನ ಡೆಲ್ವನ್ ಲಮಾರ್ ಆರ್ಗನ್ ಟ್ರಿಯೊ ಕೂಡ ಕೇಳಿ, 'ಕೋಲ್ಡ್ ಆ್ಯಸ್ ವೈಸ್' (2022). ಇದರಲ್ಲಿ ನಿಮಗೊಂದು ಒಗಟು ಇದೆ. ಬೇಸ್ ಚೆನ್ನಾಗಿ ಕೇಳಿಸುತ್ತದೆ, ಆದರೆ ಬ್ಯಾಂಡಿನಲ್ಲಿ ಬೇಸ್ ಗಿಟಾರಿನವರೇ ಇಲ್ಲ! ಹ್ಯಾಮಂಡ್ ಆರ್ಗನ್ ನುಡಿಸುವಾತ ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಬೇಸ್ ಎರಡನ್ನೂ ಸಂಭಾಳಿಸುತ್ತಾನೆ. ಒಬ್ಬನೇ ಆದ್ದರಿಂದ ಆ ಎರಡರ ನಡುವೆ ಜಗಳವೇ ಇಲ್ಲ.

ಅಮೆರಿಕದ ಗಾಯಕರಾದ ಬ್ರೂನೊ ಮಾರ್ಸ್, ಆ್ಯಂಡರ್ಸನ್ ಪಾಕ್ ಸೇರಿ ಮಾಡಿದ ಸಿಲ್ಕ್ ಸಾನಿಕ್ ಆಲ್ಬಮ್ (2021) ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಅದರ ಒಂದು ಹಾಡಿಗೇ 4 ಗ್ರ್ಯಾಮಿ ಬಂದವು. ಕೆಲಸದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಆದರೆ ನನಗೆ ಅದು ಫೋಟೊ ಸ್ಟುಡಿಯೋದಲ್ಲಿ ಮೈಸೂರು ಪೇಟ ಬಾಡಿಗೆಗೆ ತೊಟ್ಟು ನಿಂತ ಹಾಗೆ ಕಾಣುತ್ತದೆ. ಪೇಟ ಚೆನ್ನಾಗಿದೆ, ಮುಖ ಕಾಣುವುದಿಲ್ಲ. ನಿಮಗೆ ಇಷ್ಟವಾದರೆ ಬೇಜಾರು ಮಾಡಿಕೊಳ್ಳಬೇಡಿ, ನನ್ನ ಹೆಂಡತಿಗೂ ಅದೇ ಇಷ್ಟ.

ಈಗ ಲಂಡನ್. ಹೋದ ಹತ್ತು ವರ್ಷದಲ್ಲಿ ಜಾಝ್ ಅನ್ನು ಕುರ್ಚಿಯಿಂದ ಎಬ್ಬಿಸಿ ಕುಣಿಸಿದ್ದು ಆ ಊರು. ಅದರ ಹಿಂದೆ ಒಂದು ಪಾಠಶಾಲೆ ಇದೆ, ಟುಮಾರೋಸ್ ವಾರಿಯರ್ಸ್ ಅಂತ. ಗ್ಯಾರಿ ಕ್ರಾಸ್ಬಿ, ಜನೀನ್ ಐರನ್ಸ್ 1991ರಲ್ಲಿ ಶುರು ಮಾಡಿದ್ದು. ಶುಲ್ಕ ಕಟ್ಟಲಾಗದ ಮಕ್ಕಳಿಗೂ, ಅದರಲ್ಲೂ ಆಫ್ರಿಕಾ, ಕೆರಿಬಿಯನ್ ಮೂಲದ ಮಕ್ಕಳಿಗೆ ಜಾಝ್ ಕಲಿಸಿದರು. ಆ ಮಕ್ಕಳು ಮನೆಯಲ್ಲಿ ಕೇಳಿದ ಜಮೈಕಾದ ರೆಗ್ಗೆ, ನೈಜೀರಿಯಾದ ಆಫ್ರೊಬೀಟ್, ಬೀದಿಯಲ್ಲಿ ಕೇಳಿದ ಲಂಡನ್ನಿನ ರ‍್ಯಾಪ್ ಥರದ ಗ್ರೈಮ್ ಎಲ್ಲವನ್ನೂ ಜೊತೆಗೇ ತಂದರು.

ಅಲ್ಲಿ ಜೊತೆಯಾದವರೇ ಎಜ್ರಾ ಕಲೆಕ್ಟಿವ್. ಡ್ರಮ್ಸ್‌ಗೆ ಫೆಮಿ ಕೊಲೆಯೊಸೊ, ಬೇಸ್‌ಗೆ ತಮ್ಮ ಟಿಜೆ. ಅಣ್ಣತಮ್ಮ ಡ್ರಮ್ಸು ಬೇಸು ಹಿಡಿದರೆ ಹೇಗಿರುತ್ತದೆ ಅಂತ ಹೇಳಬೇಕಾ? 'ವೇರ್ ಐ ಆ್ಯಮ್ ಮೆಂಟ್ ಟು ಬಿ' (2022) ಆಲ್ಬಮ್‌ಗೆ 2023ರಲ್ಲಿ ಬ್ರಿಟನ್ನಿನ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂತು. ಜಾಝ್ ತಂಡವೊಂದಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಅದಕ್ಕಿಂತ ಅವರ 'ಡ್ಯಾನ್ಸ್, ನೋ ವನ್ಸ್ ವಾಚಿಂಗ್' (2024) ನಿಮಗೆ ಹೆಚ್ಚು ಸೇರುತ್ತದೆ. ಗೆಳೆಯರು, ಮನೆಮಂದಿಯನ್ನೆಲ್ಲ ಸ್ಟುಡಿಯೋಗೆ ಕರೆದು ಕೂರಿಸಿಕೊಂಡು ನುಡಿಸಿದ್ದು. ಅದರಲ್ಲಿ 'ಅಜಾಲಾ' ಅನ್ನೋ ಹಾಡಿದೆ. ನೈಜೀರಿಯಾದಲ್ಲಿ ಕಾಲು ನಿಲ್ಲದೆ ಊರೂರು ಸುತ್ತುವವರಿಗೆ ಅಜಾಲಾ ಅನ್ನುತ್ತಾರೆ. ಸ್ಕೂಟರ್ ಹತ್ತಿ ದೇಶ ದೇಶ ಸುತ್ತಿದ ಒಲಬಿಸಿ ಅಜಾಲಾ ಅನ್ನುವ ಪತ್ರಕರ್ತನಿಂದ ಬಂದ ಮಾತು ಅದು. ಆತ ಭಾರತಕ್ಕೂ ಬಂದು ನೆಹರೂ ಅವರನ್ನು ಕಂಡು ಹೋಗಿದ್ದ. ಹಾಡು ಕೇಳಿದರೆ ಸ್ಕೂಟರಿನ ಮೇಲೆ ಕೂತ ಹಾಗೇ ಇದೆ.

ನೂಬಿಯಾ ಗಾರ್ಸಿಯಾ ಅವರ 'ಸೋರ್ಸ್' (2020) ಬಿಡಬೇಡಿ. ಟೆನರ್ ಸ್ಯಾಕ್ಸೋಫೋನ್ ಅವರದು. ಆಲ್ಬಮ್ಮಿನ ಹೆಸರೇ ಇರುವ ಹಾಡು 12 ನಿಮಿಷದ ಆಸುಪಾಸು, ರೆಗ್ಗೆ ನಡೆ. ಹನ್ನೆರಡು ನಿಮಿಷ ಅಂತ ಹೆದರಬೇಡಿ, ಬೇಸ್ ಹಿಡಿದುಕೊಂಡು ಕೂತರೆ ಆರು ನಿಮಿಷದ ಹಾಗೆ ಮುಗಿಯುತ್ತದೆ. ಯೂಸೆಫ್ ಡೇಯ್ಸ್ ಅವರ 'ಬ್ಲ್ಯಾಕ್ ಕ್ಲಾಸಿಕಲ್ ಮ್ಯೂಸಿಕ್' (2023) ಡ್ರಮ್ಸ್ ಇಷ್ಟಪಡುವವರಿಗೆ ಹಬ್ಬದೂಟ. ಆದರೆ 19 ಹಾಡು, ಒಂದೇ ಪಂಕ್ತಿಯಲ್ಲಿ ಕೂತರೆ ಹೊಟ್ಟೆ ಭಾರ. ಎರಡು ಕಂತು ಮಾಡಿ. ಅದರಲ್ಲಿ ಬೇಸ್ ನುಡಿಸಿರುವ ರೊಕ್ಕೊ ಪಲಾಡಿನೊ, ಹೆಸರಾಂತ ಬೇಸ್ ವಾದಕ ಪೀನೊ ಪಲಾಡಿನೊ ಅವರ ಮಗ.

ಲಂಡನ್ನಿನಲ್ಲೇ ಇರುವ ಸಾರಥಿ ಕೊರ್ವಾರ್ ಬಗ್ಗೆಯೂ ಹೇಳಬೇಕು. ಅಹಮದಾಬಾದ್, ಚೆನ್ನೈಗಳಲ್ಲಿ ಬೆಳೆದವರು, ತಬಲಾ, ಡ್ರಮ್ಸ್ ಎರಡೂ ಬಲ್ಲವರು. ಅವರ ಮೊದಲ ಆಲ್ಬಮ್ 'ಡೇ ಟು ಡೇ' (2016). ಗುಜರಾತಿನ ರತನ್‌ಪುರದ ಸಿದ್ದಿ ಜನರ ಹಾಡು, ಡೋಲುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದು ಅದರ ಸುತ್ತ ಜಾಝ್ ಕಟ್ಟಿದ್ದಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಗಳ ಡಮಾಮಿ ಕುಣಿತ ನೀವು ನೋಡಿದ್ದರೆ ಈ ಆಲ್ಬಮ್ ಬೇರೆಯದೇ ರೀತಿ ತಟ್ಟುತ್ತದೆ. ಗುಜರಾತಿನವರ ಹಾಡು ಬೇರೆ, ನಮ್ಮ ಸಿದ್ದಿಗಳ ಹಾಡು ಬೇರೆ, ಎರಡನ್ನೂ ಒಂದೇ ಅನ್ನಬಾರದು. ಆದರೆ ಆಫ್ರಿಕಾದಿಂದ ಹೊರಟ ಒಂದು ನಡೆ ಸಮುದ್ರ ದಾಟಿ ನಮ್ಮ ಕಾಡಿಗೂ, ಇನ್ನೊಂದು ದಾರಿಯಲ್ಲಿ ಅಮೆರಿಕಕ್ಕೂ ಹೋಯಿತು ಅನ್ನುವುದು ಇದನ್ನು ಕೇಳುವಾಗ ಸುಮ್ನೆ ತಲೆಗೆ ಬರುತ್ತದೆ. ಅವರದೇ 'ಕಲಕ್' (2022) ಇನ್ನೂ ಪಳಗಿದ ಕೆಲಸ. ಹಿಂದಿಯಲ್ಲಿ 'ಕಲ್' ಅಂದರೆ ನಿನ್ನೆಯೂ ಹೌದು ನಾಳೆಯೂ ಹೌದು, ಅದರಿಂದ ಕಟ್ಟಿದ ಹೆಸರು. ತಿರುಗಿಸಿ ಓದಿದರೂ ಅದೇ.

ಇಥಿಯೋಪಿಯಾದ ಮುಲಾಟು ಅಸ್ಟಾಟ್ಕೆ ಹುಟ್ಟಿದ್ದು 1943ರಲ್ಲಿ. ತಮ್ಮ ಹಳೆಯ ರಚನೆಗಳನ್ನೇ ಮತ್ತೆ ನುಡಿಸಿ 2025ರಲ್ಲಿ 'ಮುಲಾಟು ಪ್ಲೇಸ್ ಮುಲಾಟು' ತಂದರು. ಅಲ್ಲಿನ ಸಂಗೀತ ಐದೇ ಸ್ವರದ ಮೇಳಗಳ ಮೇಲೆ ನಿಂತಿದೆ. ಅದರಲ್ಲಿ ಟಿಜಿತಾ ಅನ್ನುವುದರ ಒಂದು ಬಗೆಯ ಸ್ವರಗಳು ನಮ್ಮ ಮೋಹನದವೇ: ಸ ರಿ ಗ ಪ ದ. ಹಾಗಂತ ಮೋಹನ ರಾಗ ಕೇಳಿಸುತ್ತದೆ ಅಂತ ಕಾಯಬೇಡಿ. ಗಮಕ ಬೇರೆ, ಸ್ವರ ನಿಲ್ಲುವ ಜಾಗ ಬೇರೆ. ಪರಿಚಯದವರ ಮುಖ ಗುರುತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡ ಹಾಗಿರುತ್ತದೆ.

ಅಮೆರಿಕದ ಸ್ಯಾಕ್ಸೋಫೋನ್ ವಾದಕ ಕಾಮಾಸಿ ವಾಷಿಂಗ್ಟನ್ ಹೆಸರು ಎಲ್ಲೆಡೆ ಸಿಗುತ್ತದೆ. ಅವರ 'ದಿ ಎಪಿಕ್' (2015) ಹತ್ತಿರ ಹತ್ತಿರ 3 ಗಂಟೆ. ಅದರಿಂದ ಮಾತ್ರ ಶುರು ಮಾಡಬೇಡಿ. ಸ್ನಾರ್ಕಿ ಪಪ್ಪಿ ಅಂತ ಇನ್ನೊಂದು ದೊಡ್ಡ ತಂಡವಿದೆ, ಒಬ್ಬೊಬ್ಬರೂ ಘಟಾನುಘಟಿ. ನನಗೇಕೋ ಅಲ್ಲಿ ಉಸಿರಾಡಲು ಜಾಗ ಸಾಲುವುದಿಲ್ಲ.

ಈ ಪಟ್ಟಿಯಲ್ಲಿ ನನ್ನ ಮೆಚ್ಚಿನದು ಯಾವುದು ಅಂದರೆ ಜೆಫ್ ಪಾರ್ಕರ್ ಅವರ 'ದಿ ವೇ ಔಟ್ ಆಫ್ ಈಸಿ' (2024). ಲಾಸ್ ಏಂಜಲೀಸ್‌ನಲ್ಲಿ ಇಟಿಎ ಅನ್ನುವ ಒಂದು ಚಿಕ್ಕ ಬಾರ್ ಇತ್ತು. ಅಲ್ಲಿ ಸೋಮವಾರದ ರಾತ್ರಿಗಳಲ್ಲಿ ಪಾರ್ಕರ್ ಮತ್ತು ಮೂವರು ಗೆಳೆಯರು ವರ್ಷಗಟ್ಟಲೆ ನುಡಿಸಿದರು. ಪಾರ್ಕರ್ ಗಿಟಾರ್, ಜಾಶ್ ಜಾನ್ಸನ್ ಸ್ಯಾಕ್ಸೋಫೋನ್, ಆ್ಯನಾ ಬಟರ್ಸ್ ಬೇಸ್, ಜೇ ಬೆಲೆರೋಸ್ ಡ್ರಮ್ಸ್. 2023ರ ಜನವರಿ 2ರ ಒಂದೇ ರಾತ್ರಿ ನುಡಿಸಿದ್ದು ಇಡೀ ಆಲ್ಬಮ್, ನಾಲ್ಕೇ ತುಣುಕು. ಅದೇ ವರ್ಷದ ಕೊನೆಗೆ ಆ ಬಾರ್ ಮುಚ್ಚಿತು. ಕೇಳುವಾಗ ಬೇಸ್ ಹಿಡಿಯಿರಿ. ಬಟರ್ಸ್ ನಾಲ್ಕೈದು ಸ್ವರದ ಒಂದು ಸಾಲು ಹಿಡಿದು ನಿಮಿಷಗಟ್ಟಲೆ ಅದರಲ್ಲೇ ಇರುತ್ತಾರೆ. ಏನೂ ಬದಲಾಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಂದು ಸ್ವರವನ್ನು ಕೂದಲೆಳೆಯಷ್ಟು ತಡವಾಗಿ ಇಡುತ್ತಾರೆ. ಡ್ರಮ್ಸ್ ಅದನ್ನು ಗಮನಿಸಿ ಒಂದು ಪೆಟ್ಟು ಬಿಡುತ್ತದೆ. ಗಿಟಾರ್ ಆ ಖಾಲಿ ಜಾಗಕ್ಕೆ ಬಂದು ಕೂರುತ್ತದೆ. ನಾನು ಇದನ್ನು ಮೊದಲ ಸಲ ಕೇಳಿದ್ದು ರಾತ್ರಿ ಬಸ್ಸಿನಲ್ಲಿ, ಬೆಂಗಳೂರಿಂದ ಶಿರಸಿಗೆ. ತುಮಕೂರು ದಾಟಿದ್ದು ಗೊತ್ತಾಗಲಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ದಾರಿ ಶಿಕಾಗೋದ ಮಕಾಯಾ ಮೆಕ್ರೇವನ್ ಅವರದು. ಅವರು ಜನರ ಮುಂದೆ ಗಂಟೆಗಟ್ಟಲೆ ಮನಸ್ಸಿಗೆ ಬಂದಂತೆ ನುಡಿಸಿ, ಆಮೇಲೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆ ರೆಕಾರ್ಡಿಂಗನ್ನು ಕತ್ತರಿಸಿ, ಸುತ್ತು ಹಾಕಿ, ಹೊಲಿಯುತ್ತಾರೆ. 'ಇನ್ ದ ಮೊಮೆಂಟ್' (2015) ಹಾಗೆ ಹುಟ್ಟಿದ್ದು. ನಾನು ಮೇಲೆ ಕಂಪ್ಯೂಟರನ್ನು ಬೈದ ಹಾಗೆ ಕೇಳಿಸಿದರೆ ಇದು ಅದಕ್ಕೆ ಉತ್ತರ. ಕತ್ತರಿ ಇದ್ದರೂ ಪರವಾಗಿಲ್ಲ, ಬಟ್ಟೆ ಮೊದಲು ಮಗ್ಗದಲ್ಲಿ ನೇಯ್ದಿರಬೇಕು.

ಗ್ರೂವ್ ಇಲ್ಲದ ಒಂದನ್ನೂ ಸೇರಿಸುತ್ತೇನೆ. ಫ್ಲೋಟಿಂಗ್ ಪಾಯಿಂಟ್ಸ್ ಅನ್ನುವ ಹೆಸರಿನ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ, ಫೇರೋ ಸ್ಯಾಂಡರ್ಸ್ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿ ಮಾಡಿದ 'ಪ್ರಾಮಿಸಸ್' (2021). ಡ್ರಮ್ಸ್ ಇಲ್ಲ, ನಿಮ್ಮ ಬೇಸ್ ಗಿಟಾರೂ ಇಲ್ಲ. ಒಂದು ಪುಟ್ಟ ಸ್ವರಗುಚ್ಛ 46 ನಿಮಿಷದಲ್ಲಿ ಬಹುಪಾಲು ತಿರುತಿರುಗಿ ಬರುತ್ತದೆ, ಬಾವಿಯ ರಾಟೆಯ ಹಾಗೆ. ಅದರ ಮೇಲೆ 80ರ ಆಸುಪಾಸಿನ ಮುದುಕ ಸ್ಯಾಂಡರ್ಸ್ ಸ್ಯಾಕ್ಸೋಫೋನ್ ಊದುತ್ತಾರೆ. ಒಂದು ಕಡೆ ವಾದ್ಯ ಬಾಯಿಂದ ತೆಗೆದು ಸುಮ್ನೆ ಗುನುಗುತ್ತಾರೆ. ಮರುವರ್ಷ ತೀರಿಕೊಂಡರು. ಮಳೆ ಹಿಡಿದ ಸಂಜೆ, ಕರೆಂಟು ಹೋದಾಗ ಕೇಳಿ.

ಏನಾದರೂ ಕಲಿತಿರಬೇಕಾ ಅಂತ ಕೇಳಿದ್ದೀರಿ. ಬೇಡ. ನೀವು ಒಂದಾದರೂ ಕಚೇರಿ ಕೂತು ಕೇಳಿದ್ದರೆ ಅಷ್ಟು ಸಾಕು. ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಒಂದು ಸಾಲು ನುಡಿಸುತ್ತಾರೆ, ಪಲ್ಲವಿ ಅಂದುಕೊಳ್ಳಿ. ಆಮೇಲೆ ಒಬ್ಬೊಬ್ಬರೇ ಅದರ ಸುತ್ತ ಕಲ್ಪನೆ ಬೆಳೆಸುತ್ತಾರೆ. ಕೊನೆಗೆ ಮತ್ತೆ ಪಲ್ಲವಿಗೆ ಬರುತ್ತಾರೆ. ದಾರಿ ತಪ್ಪಿತು ಅನ್ನಿಸಿದರೆ ಸ್ಯಾಕ್ಸೋಫೋನನ್ನು ಬಿಟ್ಟು ಬೇಸಿಗೆ ವಾಪಸ್ ಬನ್ನಿ, ಅದು ಸಾಮಾನ್ಯವಾಗಿ ಮನೆಯಲ್ಲೇ ಇರುತ್ತದೆ. ಅಂದಹಾಗೆ ಕರ್ನಾಟಕ ಸಂಗೀತ, ಜಾಝ್ ಎರಡೂ ನಮ್ಮ ಊರಲ್ಲೇ ಕೈ ಹಿಡಿದದ್ದುಂಟು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ ಮಾಡಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಹೊಸದಲ್ಲ, ಆದರೆ ನೀವು ಕೇಳಿಲ್ಲದಿದ್ದರೆ ನಿಮ್ಮ ಪಾಲಿಗೆ ಹೊಸದೇ.

ಎಲ್‌ಪಿ ಪ್ಲೇಯರ್ ಬೇಕಾಗಿಲ್ಲ. ಅದಕ್ಕೆ ಇಡುವ ದುಡ್ಡಿನಲ್ಲಿ ಒಂದು ಒಳ್ಳೆ ಹೆಡ್‌ಫೋನೋ ಎರಡು ಸ್ಪೀಕರೋ ತೆಗೆದುಕೊಳ್ಳಿ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಹೆಬ್ಬೆರಳುಗಾತ್ರದ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಎಬ್ಬಿಸುವ ಶಕ್ತಿಯೇ ಇಲ್ಲ. ಅದರ ಜೊತೆಗೇ ಹುಟ್ಟುವ ಮೇಲಿನ ಸಣ್ಣ ಸ್ವರಗಳಷ್ಟೇ ಕೇಳಿಸುತ್ತವೆ, ಉಳಿದದ್ದನ್ನು ಕಿವಿ ಊಹಿಸಿಕೊಳ್ಳುತ್ತದೆ. ಎಲ್ಲಾ ಕಾಫಿ ಶಾಪಿನ ಸಂಗೀತದ ಹಾಗಿದೆ ಅಂದಿರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ಆ್ಯಪಿನಲ್ಲಿ ಈಕ್ವಲೈಜರ್ ಬೇಸ್ ಏರಿಸಿದ್ದರೆ ಅದನ್ನು ಆಫ್ ಮಾಡಿ. ಏರಿಸಿದ ಬೇಸ್ ಊದಿಕೊಳ್ಳುತ್ತದೆ, ಸ್ವರ ಬಿಡಿಸಿ ಕೇಳಿಸುವುದಿಲ್ಲ.

ಎಲ್‌ಪಿ ಮೋಹಕ್ಕೆ ನಾನೂ ಬಿದ್ದವನೇ. ಕೆಲವು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 3,000 ರೂಪಾಯಿ ಕೊಟ್ಟು ಒಂದು ಎಲ್‌ಪಿ ತರಿಸಿದೆ. ಬಂದದ್ದು ಹಪ್ಪಳದ ಹಾಗೆ ಬಾಗಿತ್ತು. ಸೂಟ್‌ಕೇಸಿನ ಥರದ ಅಗ್ಗದ ಪ್ಲೇಯರಿನ ಮೇಲೆ ಅದು ಏರಿ ಇಳಿಯುವಾಗ ಸ್ಯಾಕ್ಸೋಫೋನು ಸಮುದ್ರಯಾನ ಮಾಡುತ್ತಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಗೋಡೆಗೆ ನೇತು ಹಾಕಿದ್ದೇನೆ. ದುಡ್ಡು ಬ್ಯಾಂಡಿನವರ ಕೈ ಸೇರಲಿ ಅಂತಿದ್ದರೆ ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ಫೈಲನ್ನೇ ಕೊಂಡುಕೊಳ್ಳಿ, ಇವರಲ್ಲಿ ಬಹಳ ಜನರ ಆಲ್ಬಮ್ ಅಲ್ಲಿ ಸಿಗುತ್ತದೆ.

ಇಷ್ಟೊಂದು ಹೆಸರು ಹೇಳಿ ತಲೆ ಕೆಡಿಸಿದೆ ಅನ್ನಿಸಿದರೆ, ಈ ವಾರಕ್ಕೆ ಮೂರು ಸಾಕು. ಮೊದಲು 'ಯೆಟಿ ಸೀಸನ್', ಯಾಕೆಂದರೆ ಅದು ನಿಮ್ಮ ಹಳೇ ಕ್ಯಾಸೆಟ್ಟಿನ ಪಕ್ಕದ ಮನೆ. ಎರಡು ದಿನ ಬಿಟ್ಟು ಎಜ್ರಾ ಕಲೆಕ್ಟಿವ್‌ನ ಕುಣಿತದ ಆಲ್ಬಮ್. ಶನಿವಾರ ರಾತ್ರಿ ಊಟ ಮುಗಿದ ಮೇಲೆ ಜೆಫ್ ಪಾರ್ಕರ್, ಫೋನು ಬೇರೆ ಕೋಣೆಯಲ್ಲಿ. ಮೊದಲ ತುಣುಕು ಇಪ್ಪತ್ತು ನಿಮಿಷ ದಾಟುತ್ತದೆ. ಹತ್ತನೇ ನಿಮಿಷಕ್ಕೆ ಬೇಜಾರಾದರೆ ಎದ್ದು ನೀರು ಕುಡಿದು ಬನ್ನಿ. ಬೇಸ್ ಅಲ್ಲೇ ಇರುತ್ತದೆ.